ತೂಗಿ ಆಡಿದ ಮಾತು

ಆಸ್ಪತ್ರೆಯವರು ನಮ್ಮ ದೊಡ್ಡಮ್ಮನಿಗೆ ಇಟ್ಟ ಅಡ್ಡಹೆಸರು ತಕ್ಕಡಿ. ಇಂಗ್ಲಿಷ್ ಡಾಕ್ಟರು ಆಡಿದ್ದನ್ನು ಜರ್ಮನ್ ರೋಗಿಗಳಿಗೆ, ರೋಗಿಗಳು ನರಳಿದ್ದನ್ನು ಡಾಕ್ಟರಿಗೆ ದಾಟಿಸುವುದು ಅವಳ ಕೆಲಸ. ಒಂದು ಮಾತು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. "ಉಪ್ಪು ಖಾರ ಹಚ್ಚೋಕೆ ನಾನೇನು ಅಡುಗೆಯವಳಾ?" ಎನ್ನುತ್ತಿದ್ದಳು. ಅವಳ ಮನೆಯಲ್ಲೇ ಬೆಳೆದ ನನಗೆ ಈ ಜಂಬ ಕಂಡರೆ ಮೈ ಉರಿಯುತ್ತಿತ್ತು.

ಡಾಕ್ಟರು ಒಳ್ಳೆಯವರೇ. ಆದರೆ ಯಾರಿಗೂ ನೇರವಾಗಿ ಅಪ್ಪಣೆ ಮಾಡಲು ಅವರಿಗೆ ಸಂಕೋಚ. ಬೇಕಿದ್ದರೆ ಮಾತ್ರೆ ನುಂಗಬಹುದು ಎಂದರೆ ನುಂಗಲೇಬೇಕು ಎಂದೇ ಅರ್ಥ. ಇಂಗ್ಲಿಷಿನವರಿಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ. ಜರ್ಮನ್ ರೋಗಿಗಳೋ, ಹೇಳಿದ್ದನ್ನು ಹೇಳಿದ ಹಾಗೆಯೇ ತೆಗೆದುಕೊಳ್ಳುವವರು. ಬೇಕಿದ್ದರೆ ಎಂದರೆ, ಬೇಡವಾದರೆ ಬಿಡಬಹುದು. ಇದು ದೊಡ್ಡಮ್ಮನಿಗೆ ಚೆನ್ನಾಗಿ ಗೊತ್ತಿತ್ತು.

ನಮ್ಮ ಕೆಳಮನೆಯ ಜರ್ಮನ್ ಬಡಗಿ ಒಂದು ಬೆಳಿಗ್ಗೆ ಎದೆ ಹಿಡಿದುಕೊಂಡು ಆಸ್ಪತ್ರೆಗೆ ಹೋದ. ಡಾಕ್ಟರು ಇಸಿಜಿ ನೋಡಿ ಕನ್ನಡಕ ತೆಗೆದರು. "ನನಗೆ ಸ್ವಲ್ಪ ಯೋಚನೆ ಆಗ್ತಿದೆ. ಇವತ್ತು ಇಲ್ಲೇ ಉಳಿದ್ರೆ ಒಳ್ಳೇದೇನೋ, ನೋಡಿ," ಎಂದರು. ಅವರ ಮುಖ ಬಿಳಿಚಿಕೊಂಡಿತ್ತೆಂದು ಆಮೇಲೆ ದೊಡ್ಡಮ್ಮನೇ ನನಗೆ ಹೇಳಿದಳು. ಮುಖ ನೋಡಿಯೂ ಅವಳು ಜರ್ಮನ್‌ನಲ್ಲಿ ಹೇಳಿದ್ದು ಅಷ್ಟೇ ಮಾತು, ಅಷ್ಟೇ ಮೆತ್ತಗೆ.

ಬಡಗಿ ಅಂಗಿಯ ಗುಂಡಿ ಹಾಕಿಕೊಂಡ. "ಸ್ವಲ್ಪ ತಾನೇ? ಬಾಗಿಲಿಗೆ ಅಂಟು ಹಚ್ಚಿ ಬಂದಿದ್ದೀನಿ, ಒಣಗಿಬಿಡತ್ತೆ. ನಾಳೆ ಬರ್ತೀನಿ."

"ನಿಮ್ಮಿಷ್ಟ. ಆದ್ರೂ ಇದ್ದಿದ್ರೆ ನನಗೆ ಸಮಾಧಾನ ಆಗ್ತಿತ್ತು," ಎಂದರು ಡಾಕ್ಟರು. ದೊಡ್ಡಮ್ಮ ಅದನ್ನೂ ಚಾಚೂ ತಪ್ಪದೆ ದಾಟಿಸಿದಳು. ಅವನು ನಕ್ಕು, ಕೈಕುಲುಕಿ ಹೊರಟುಬಿಟ್ಟ.

ಅಂದು ಸಂಜೆ ಮರದ ಹೊಟ್ಟಿನ ಮೇಲೆ ಬಿದ್ದವನು ಮತ್ತೆ ಏಳಲಿಲ್ಲ.

ಮಣ್ಣು ಮಾಡಿ ಬಂದ ಮೇಲೆ ಅವನ ಹೆಂಡತಿ ಮೆಟ್ಟಿಲು ಹತ್ತಿ ನಮ್ಮ ಅಡುಗೆಮನೆಗೆ ಬಂದಳು. ಕುರ್ಚಿ ಎಳೆದುಕೊಟ್ಟರೂ ಕೂರಲಿಲ್ಲ. "ಡಾಕ್ಟ್ರು ಇರಿ ಅಂದ್ರೂ ಕೇಳದೆ ಎದ್ದು ಬಂದ್ರಾ ಅಕ್ಕಾ? ಯಾವಾಗ್ಲೂ ಹೀಗೇ, ಅವರದೇ ಹಠ. ನಮ್ಮನ್ನೆಲ್ಲ ಬಿಟ್ಟು ಹೋಗೋಷ್ಟು ಹಠಾನಾ?"

ದೊಡ್ಡಮ್ಮ ಹೂಂ ಎಂದರೆ ಸಾಕಿತ್ತು. ಅನ್ನಲಿ ಎಂದೇ ನಾನೂ ಆಸೆಪಟ್ಟೆ. ಜನ್ಮಕ್ಕೊಮ್ಮೆಯಾದರೂ ಒಂದು ಮಾತು ಹೆಚ್ಚು ಆಡಿ ಆ ಇಕ್ಕಟ್ಟಿನಿಂದ ಅವಳು ಪಾರಾಗಬಾರದೇ? ದೊಡ್ಡಮ್ಮ ಒಲೆ ಆರಿಸಿದಳು.

"ಅವರ ಹಠ ಅಲ್ಲಮ್ಮ," ಎಂದಳು. "ಡಾಕ್ಟ್ರು ಇರಿ ಅಂತಾನೇ ಹೇಳಿದ್ರು. ನಾನು ಹೇಳಲಿಲ್ಲ."