ವಸಂತಿ ಕಣ್ಣಿಗೊತ್ತಿಕೊಂಡ ಪೇಪರು

ಬೆಳಗಿನ ಐದು ಗಂಟೆ. ಫ್ರೀಸ್‌ಲ್ಯಾಂಡಿನ ಒಂದು ಸಣ್ಣ ಊರು. ನೆದರ್‌ಲ್ಯಾಂಡ್ಸ್ ನಕ್ಷೆಯಲ್ಲಿ ಮೇಲೆ ಮೇಲೆ ಹೋದರೆ, ಇನ್ನೇನು ಸಮುದ್ರಕ್ಕೆ ಬೀಳಬೇಕು ಎನ್ನುವಲ್ಲಿ ಸಿಗುವ ಪ್ರಾಂತ್ಯ ಇದು. ಅಕ್ಟೋಬರ್ ಗಾಳಿ ಕಿವಿ ಕಚ್ಚುತ್ತಿದೆ. ಕಾಲುವೆ ಪಕ್ಕದಲ್ಲಿ, ಪೇಪರ್ ಬಂಡಲುಗಳು ಬಂದಿಳಿಯುವ ಗ್ಯಾರೇಜೊಂದರ ಶಟರ್ ಅರ್ಧ ಎತ್ತಿದೆ. ಒಳಗೆ ಟ್ಯೂಬ್‌ಲೈಟಿನ ಕೆಳಗೆ ವಸಂತಿ ಮೊಣಕಾಲೂರಿ ಕೂತು ಪೇಪರ್ ಬಂಡಲಿನ ಪ್ಲಾಸ್ಟಿಕ್ ಪಟ್ಟಿ ಕತ್ತರಿಸುತ್ತಿದ್ದಾರೆ. ಕತ್ತರಿಸಿದವರು ಪೇಪರನ್ನು ಎಣಿಸುವುದಿಲ್ಲ, ಚೀಲಕ್ಕೂ ತುಂಬುವುದಿಲ್ಲ. ಮೊದಲು ಮುಖಪುಟವನ್ನು ಬೆಳಕಿಗೆ ಹಿಡಿದು ಮೇಲಿಂದ ಕೆಳಗಿನವರೆಗೆ ನೋಡುತ್ತಾರೆ.

"ಇದ್ರಲ್ಲಿ ನಾನು ಇಲ್ಲ ಅಂತ ಗ್ಯಾರಂಟಿ ಆಗ್ಬೇಕು ಮಾರಾಯ್ರೆ. ಆಮೇಲೆ ಉಳಿದ ಕೆಲಸ" ಎನ್ನುತ್ತಾರೆ.

ತಮಾಷೆಗೆ ಹೇಳುತ್ತಿದ್ದಾರೆ ಅಂದುಕೊಂಡು ನಾನು ನಕ್ಕೆ. ಅವರು ನಗಲಿಲ್ಲ. ಈ ಲೇಖನಕ್ಕೆ ಅವರು ಹಾಕಿದ ಷರತ್ತೂ ಒಂದೇ: ಹೆಸರು ಬೇಕಾದರೆ ಹಾಕಿ, ಫೋಟೊ ಮಾತ್ರ ಬೇಡ. ಊರಿನ ಹೆಸರೂ ಬೇಡ ಎಂದು ನಿನ್ನೆ ರಾತ್ರಿ ಮನೆಯಲ್ಲಿ ಅವರ ಯಜಮಾನರು ಸೇರಿಸಿದ್ದರು. ಹಾಗಾಗಿ ಓದುಗರು ಈ ಸಲ ಬರೀ ಅಕ್ಷರದಲ್ಲೇ ತೃಪ್ತಿಪಟ್ಟುಕೊಳ್ಳಬೇಕು. ಡೆಲ್ಫ್ಟ್ ನಗರದಿಂದ ಹಿಂದಿನ ಸಂಜೆಯೇ ರೈಲು ಹಿಡಿದು ಬಂದು, ಅವರ ಮನೆಯ ನೀರ್ದೋಸೆ ತಿಂದು, ಕತ್ತಲಲ್ಲೇ ಎದ್ದು ನಡುಗುತ್ತಾ ನಿಂತಿರುವ ನನಗೂ ಬೇರೆ ದಾರಿ ಇಲ್ಲ.

ವಸಂತಿ ಉಡುಪಿ ಹತ್ತಿರದ ಕಾಪುವಿನವರು. ಅಲ್ಲಿ ನರ್ಸರಿ ಶಾಲೆಯಲ್ಲಿ ಟೀಚರ್ ಆಗಿದ್ದರು. ಗಂಡ ಮಹಾಬಲೇಶ್ವರ ಹಾಲಿನ ಪುಡಿ ಮಾಡುವ ಯಂತ್ರಗಳ ಎಂಜಿನಿಯರ್. ಹಸುಗಳೇ ಹೆಚ್ಚು, ಮನುಷ್ಯರೇ ಕಮ್ಮಿ ಇರುವ ಈ ಪ್ರಾಂತ್ಯಕ್ಕೆ ಕಂಪನಿ ಅವರನ್ನು ಕರೆಸಿಕೊಂಡಿತು. ಮಗಳು ಅಶ್ವಿತಾ ಹೈಸ್ಕೂಲಿನಲ್ಲಿದ್ದಾಳೆ. ತುಳುವಿನಲ್ಲಿ ಕೇಳಿದರೆ ಡಚ್ಚಿನಲ್ಲಿ ಉತ್ತರ ಕೊಡುತ್ತಾಳೆ. ವಸಂತಿಯ ಟೀಚರ್ ಸರ್ಟಿಫಿಕೇಟು ಇಲ್ಲಿ ನಡೆಯಲಿಲ್ಲ. ಹೋಟೆಲೊಂದರ ಅಡುಗೆಮನೆಯಲ್ಲಿ ತರಕಾರಿ ಹೆಚ್ಚುವ ಕೆಲಸ ಸಿಕ್ಕಿತ್ತು. ಕೊರೋನಾ ಬಂದು ಹೋಟೆಲ್ ಬಾಗಿಲು ಹಾಕಿತು.

"ಮನೆಯಲ್ಲಿ ಕೂತು ಕೂತು ಹುಚ್ಚು ಹಿಡೀತದೆ ಅಂತ ಆಯ್ತು. ಇವರು ಒಂದು ರೂಮಲ್ಲಿ ಮೀಟಿಂಗ್, ಇವಳು ಇನ್ನೊಂದು ರೂಮಲ್ಲಿ ಕ್ಲಾಸ್. ನಾನು ಮಿಕ್ಸಿ ಹಾಕಿದ್ರೆ ಇಬ್ಬರೂ ಬಾಗಿಲು ತೆಗೆದು ನೋಡುದು! ಪೇಪರ್ ಹಾಕ್ಲಿಕ್ಕೆ ಜನ ಬೇಕು ಅಂತ ಬೋರ್ಡ್ ನೋಡಿದೆ. ಭಾಷೆ ಬೇಡ, ಸೈಕಲ್ ಬೇಕು ಅಷ್ಟೆ. ಹೋದೆ."

ಸುಮಾರು ಇನ್ನೂರು ಮನೆಗಳು, ವಾರಕ್ಕೆ ಆರು ದಿನ. ಸೈಕಲ್ಲಿನ ಎರಡೂ ಬದಿಗೆ ಕ್ಯಾನ್ವಾಸ್ ಚೀಲ. ಶನಿವಾರ ಪುರವಣಿಗಳು ಸೇರಿ ಚೀಲ ಎಷ್ಟು ಭಾರವಾಗುತ್ತದೆ ಎಂದರೆ, ಸೈಕಲ್ ಹತ್ತಲು ಧೈರ್ಯ ಸಾಲದೆ ಮೊದಲ ಎರಡು ಬೀದಿ ತಳ್ಳಿಕೊಂಡೇ ಹೋಗುತ್ತಾರೆ. ಚಳಿಗಾಲದಲ್ಲಿ ಕೈಬೆರಳು ಊದಿಕೊಂಡು ಕೆಂಪಾಗುತ್ತವೆ. ಬಾಗಿಲಿನ ಪತ್ರದ ಕಿಂಡಿಗಳಿಗೆ ಒಳಗಿನಿಂದ ಬಿಗಿ ಬ್ರಶ್ ಕೂರಿಸಿರುತ್ತಾರೆ, ಗಾಳಿ ಬಾರದಿರಲಿ ಎಂದು. ಅದರೊಳಗೆ ಪೇಪರ್ ತೂರಿಸುವಾಗ ಬೆರಳಿನ ಸಿಪ್ಪೆ ಏಳುತ್ತದೆ. "ಮೊದಲ ತಿಂಗಳು ಊಟಕ್ಕೆ ಕೂತಾಗ ಸಾರು ತಾಗಿದ್ರೆ ಉರಿ! ಈಗ ಚರ್ಮ ದಪ್ಪ ಆಗಿದೆ."

ಇಷ್ಟಾದರೆ ಇದೊಂದು ಸಾಮಾನ್ಯ ಕಥೆ. ಆದರೆ ಕಳೆದ ಫೆಬ್ರವರಿಯಲ್ಲಿ ಈ ಊರಿಗೆ ಒಂದು ಹೊಸ ಪೇಪರ್ ಬಂತು.

ಹೆಸರು 'ಫ್ರೆಯೆ ಮ್ವಾರ್ನ್', ಸ್ವತಂತ್ರ ಮುಂಜಾವು ಅಂತ ಅರ್ಥ. ಫ್ರೀಸ್‌ಲ್ಯಾಂಡ್ ಬೇರೆ ದೇಶವಾಗಬೇಕು ಎನ್ನುವ ಕೆಲವರು ಸೇರಿ, ತಮ್ಮದೇ ಫ್ರೀಸಿಯನ್ ಭಾಷೆಯಲ್ಲಿ ಶುರು ಮಾಡಿದ ದಿನಪತ್ರಿಕೆ. ಮೊದಲ ವಾರ ಊರಿಗೆಲ್ಲ ಪುಕ್ಕಟೆ. ಅದೂ ವಸಂತಿಯ ಚೀಲಕ್ಕೇ ಸೇರಿತು. ಆ ವಾರವೇ ಹಿಮ ಬಿದ್ದು ಕಾಲುವೆಗಳೆಲ್ಲ ಗಟ್ಟಿಯಾಗಿದ್ದವು. ಊರಿನಲ್ಲಿ ಎರಡೇ ಮಾತು: ಸ್ಕೇಟಿಂಗ್ ಮಾಡುವಷ್ಟು ಐಸ್ ದಪ್ಪ ಇದೆಯಾ, ಆ ಪೇಪರ್ ನಿನ್ನ ಮನೆಗೂ ಬಂತಾ? ಬೇಕರಿಯವನು ಅದನ್ನು ಫ್ರೀಸ್‌ಲ್ಯಾಂಡಿನ ನೀಲಿ ಬಿಳಿ ಬಾವುಟದ ಜೊತೆ ಕಿಟಕಿಗೆ ಅಂಟಿಸಿದ. ಒಬ್ಬ ಅಜ್ಜಿ ಬಾಗಿಲಲ್ಲೇ ಕಾದು ನಿಂತು ಚಪ್ಪಾಳೆ ತಟ್ಟಿದರು. ಗಂಡ ಒಳಗೆ ತಗೊಂಡದ್ದನ್ನು ಹೆಂಡತಿ ಹೊರಗೆ ಎಸೆದ ಮನೆಯೂ ಇತ್ತು. ದೇಶ ಒಡೆಯುವವರ ಕಾಗದ ನಮ್ಮ ಮನೆಗೆ ಯಾಕೆ ಎಂದು ಸಿಟ್ಟಾದವರು ಬಹಳ. ಅವರು ಅದನ್ನು ಸೀದಾ ರಸ್ತೆಗೆ ಎಸೆದರು.

ವಸಂತಿ ಉಳಿದ ಪೇಪರುಗಳನ್ನು ಹಾಕಲು ಎರಡನೇ ಸುತ್ತು ಬರುವಾಗ ಬೀದಿ ತುಂಬಾ ಪೇಪರ್. ಹಿಮದ ಮೇಲೆ, ಚರಂಡಿಯ ಅಂಚಲ್ಲಿ, ಇನ್ನೊಬ್ಬರ ಸೈಕಲ್ ಚಕ್ರದಡಿ.

"ಕಾಲಲ್ಲಿ ಮೆಟ್ಟಿಕೊಂಡು ಹೋಗ್ಲಿಕ್ಕೆ ಆಗ್ತದಾ? ಎತ್ತಿದೆ, ಹಿಮ ಕೊಡವಿದೆ, ಕಣ್ಣಿಗೊತ್ತಿಕೊಂಡೆ, ಚೀಲಕ್ಕೆ ಹಾಕಿದೆ. ಅದರಲ್ಲಿ ಎಂತ ಬರೆದಿದ್ದಾರೆ ಅಂತ ನಂಗೆ ಓದ್ಲಿಕ್ಕೂ ಬರುದಿಲ್ಲ. ಸಣ್ಣದಿರುವಾಗ ಪುಸ್ತಕಕ್ಕೆ ಕಾಲು ತಾಗಿದ್ರೆ ಅಮ್ಮ ತಲೆಗೆ ಮೊಟಕ್ತಿದ್ರು. ಅಭ್ಯಾಸ ಅದು. ಕೈ ಅದರಷ್ಟಕ್ಕೇ ಹೋಗ್ತದೆ."

ನಮಗೆಲ್ಲ ಇದು ಹೇಳಬೇಕಾದ ವಿಷಯವೇ ಅಲ್ಲ. ಆದರೆ ಮಹಡಿ ಕಿಟಕಿಯಿಂದ ನೋಡುತ್ತಿದ್ದ ಯಾರಿಗೋ ಅದು ಬೇರೆಯೇ ಕಂಡಿತು. ಹಿಮ ಬಿದ್ದ ಬೀದಿ, ಪರದೇಶದ ಹೆಂಗಸು, ಶತ್ರುಗಳು ಎಸೆದ ಪೇಪರನ್ನು ಎತ್ತಿ ಕಣ್ಣು ಮುಚ್ಚಿ ಹಣೆಗೆ ಒತ್ತಿಕೊಂಡಿದ್ದಾಳೆ. ಫೋಟೊ ಹೊಡೆದು ಅದೇ ಪೇಪರಿನವರಿಗೆ ಕಳಿಸಿದರು.

ಮೂರನೇ ದಿನ ಇದೇ ಗ್ಯಾರೇಜಿನಲ್ಲಿ, ಇದೇ ಟ್ಯೂಬ್‌ಲೈಟಿನ ಕೆಳಗೆ, ವಸಂತಿ ಬಂಡಲ್ ಬಿಚ್ಚಿದರೆ ಮುಖಪುಟದಲ್ಲಿ ತಾನೇ! ಕೆಳಗಿನ ದಪ್ಪ ಅಕ್ಷರಗಳನ್ನು ಗ್ಯಾರೇಜಿನ ಮೇಸ್ತ್ರಿ ಶೂರ್ಡ್ ಓದಿ ಡಚ್ಚಿನಲ್ಲಿ ಹೇಳಿದ: ನಾವು ಎಸೆದದ್ದನ್ನು ಹೊರಗಿನವಳು ಪೂಜಿಸುತ್ತಿದ್ದಾಳೆ.

"ನನ್ನ ಮುಖವನ್ನು ನಾನೇ ಮನೆಮನೆಗೆ ಹಾಕ್ಬೇಕು! ನಂಗೆ ಅಳುವುದಾ ನಗುವುದಾ ಗೊತ್ತಾಗ್ಲಿಲ್ಲ. ಅಂಗಡಿಗೆ ಹೋಗುವಾಗ ಮಾತ್ರ ಹಾಕುವ ಮಾಸ್ಕನ್ನು ಆ ದಿನ ಬೀದಿಯಲ್ಲೂ ಹಾಕಿದೆ. ಟೊಪ್ಪಿ ಹುಬ್ಬಿನವರೆಗೆ ಎಳೆದೆ. ಆದ್ರೂ ಜಾಕೆಟ್ ಅದೇ ಅಲ್ವಾ!"

ಬೇಕರಿಯವನು ಪುಕ್ಕಟೆ ಬನ್ ಕೊಟ್ಟ. ವೀಬೆ ಎನ್ನುವ ನಿವೃತ್ತರು ಬಾಗಿಲು ತೆರೆದು, ಕೊರೋನಾ ನಿಯಮದ ಒಂದೂವರೆ ಮೀಟರ್ ದೂರ ನಿಂತೇ ಬೈದರು. ದೋಣಿ ಬಂದಾಗ ಕಾಲುವೆಯ ಸೇತುವೆ ಎತ್ತುವ ಕೆಲಸದಲ್ಲಿ ಇಡೀ ಆಯುಷ್ಯ ಕಳೆದವರು ಅವರು. ಈ ದೇಶಕ್ಕೆ ನಿನ್ನೆ ಮೊನ್ನೆ ಬಂದವಳು, ಇದನ್ನು ಒಡೆಯಲು ನಿನಗೇನು ಅಧಿಕಾರ ಎಂದು ಕೇಳಿದರು. ಅಷ್ಟಕ್ಕೇ ಬಿಡಲಿಲ್ಲ, ಪೇಪರ್ ಹಂಚುವ ಏಜೆನ್ಸಿಗೆ ದೂರನ್ನೂ ಕೊಟ್ಟರು.

ಇಲ್ಲಿಗೆ ನಗು ಮುಗಿಯಿತು. ಆ ಹೊತ್ತಿಗೆ ಮಹಾಬಲೇಶ್ವರ ಮೂವರ ಹೆಸರಲ್ಲೂ ಕಾಯಂ ವಾಸದ ಅರ್ಜಿ ಹಾಕಿ ಕಾಯುತ್ತಿದ್ದರು. ಐದು ವರ್ಷ ಕಷ್ಟಪಟ್ಟು ಬೇರೂರಿದ ಜೀವನ, ಮಗಳ ಶಾಲೆ, ಎಲ್ಲವೂ ಆ ಒಂದು ಅರ್ಜಿಯ ಮೇಲೆ ನಿಂತಿತ್ತು. ಹೆಂಡತಿಯ ಫೋಟೊ ನೋಡಿ ಅವರಿಗೆ ಅನ್ನ ಇಳಿಯಲಿಲ್ಲ.

"ನಮ್ಮ ಅರ್ಜಿ ಅವರ ಮೇಜಿನ ಮೇಲೆ ಉಂಟು, ನೀನು ಇವರ ದೇಶ ಒಡೆಯುವವರ ಪೇಪರಲ್ಲಿ ಉಂಟು! ನಾಳೆಯಿಂದ ಹೋಗ್ಬೇಡ ಅಂದೆ ನಾನು" ಎಂದು ಮಹಾಬಲೇಶ್ವರ ಈಗ ನಾಚಿಕೊಳ್ಳುತ್ತಾ ಹೇಳುತ್ತಾರೆ. "ಹೆದರಿದ್ದೆ ಸಾರ್, ಸುಳ್ಳು ಯಾಕೆ ಹೇಳುದು. ಬಾಗಿಲು ಬಡಿದ್ರೆ ವಲಸೆ ಇಲಾಖೆಯವರೇ ಬಂದ್ರು ಅನ್ನಿಸ್ತಿತ್ತು."

ವಸಂತಿ ಕೇಳಲಿಲ್ಲ. "ಈಗ ಬಿಟ್ರೆ ಅವರು ಹೇಳಿದ್ದೇ ಹೌದು ಅಂತ ಆಗ್ತದೆ. ನಾನು ಎಂತ ತಪ್ಪು ಮಾಡಿದ್ದೇನೆ? ಒಂದು ಮಾತು ಹೇಳ್ತೇನೆ, ನಮ್ಮ ಮನೆಯಲ್ಲಿ ತುಳು, ಪೇಪರಲ್ಲಿ ಕನ್ನಡ. ಮನೆ ಭಾಷೆಯಲ್ಲಿ ಪೇಪರ್ ಬಂದ್ರೆ ಆಗುವ ಖುಷಿ ನಂಗೆ ಅರ್ಥ ಆಗ್ತದೆ. ದೇಶ ಬೇರೆ ಆಗ್ಬೇಕಾ ಬೇಡ್ವಾ, ಅದನ್ನು ಅವರೇ ನೋಡಿಕೊಳ್ಳಲಿ."

ಮರುದಿನ ಬೆಳಿಗ್ಗೆ ಹೊರಟರು. ದೇವರೇ ಜಾಗ ಗೊತ್ತು ಮಾಡಿದನೋ ಏನೋ, ವೀಬೆಯವರ ಮನೆಯ ಮುಂದೆಯೇ ಸೈಕಲ್ ಐಸ್ ಮೇಲೆ ಜಾರಿತು. ವಸಂತಿ ಒಂದು ಕಡೆ, ಚೀಲಗಳು ಇನ್ನೊಂದು ಕಡೆ. ಹಳೆಯ ಪೇಪರು, ಹೊಸ ಪೇಪರು, ಸೂಪರ್ ಮಾರ್ಕೆಟಿನ ಜಾಹೀರಾತು, ಎಲ್ಲ ಒಟ್ಟಿಗೆ ಬೀದಿಪಾಲು. ಮೊಣಕಾಲು ತರಚಿ ರಕ್ತ ಬರುತ್ತಿದ್ದರೂ ವಸಂತಿ ಕೂತಲ್ಲೇ ಒಂದೊಂದನ್ನೇ ಎತ್ತತೊಡಗಿದರು. ಕೊಡವುವುದು, ಕಣ್ಣಿಗೊತ್ತಿಕೊಳ್ಳುವುದು, ಜೋಡಿಸುವುದು.

ಈ ದೇಶದ ಜನ ಕಿಟಕಿಗೆ ಪರದೆ ಎಳೆಯುವುದಿಲ್ಲ. ಕಾಫಿ ಕಪ್ ಹಿಡಿದು ಕೂತಿದ್ದ ವೀಬೆಗೆ ಎಲ್ಲವೂ ಕಂಡಿತು. ಮನೆಯ ಚಪ್ಪಲಿಯಲ್ಲೇ ಹೊರಗೆ ಬಂದು ಸೈಕಲ್ ಎತ್ತಿ ನಿಲ್ಲಿಸಿದರು. ನಿಲ್ಲಿಸಿ, ವಸಂತಿಯ ಕೈಯನ್ನೇ ನೋಡುತ್ತಾ ನಿಂತರು.

ಮುಂದಿನದನ್ನು ವಸಂತಿಯ ಬಾಯಲ್ಲೇ ಕೇಳಬೇಕು. "ಅವರು ದಿನಾ ಓದುವ ಹಳೇ ಪೇಪರ್ ಉಂಟಲ್ಲ, ಅದನ್ನು ಎತ್ತಿ ಕಣ್ಣಿಗೊತ್ತಿದೆ. 'ಅದಕ್ಕೂನಾ?' ಅಂತ ಕೇಳಿದ್ರು. 'ಇದಕ್ಕೂ' ಅಂದೆ. ಆಮೇಲೆ ಕೈಗೆ ಬಂದದ್ದು ಸೂಪರ್ ಮಾರ್ಕೆಟಿಂದು. ಟಾಯ್ಲೆಟ್ ಪೇಪರ್ ಎರಡು ಕಟ್ಟು ತಗೊಂಡ್ರೆ ಒಂದು ಫ್ರೀ ಅಂತ ದೊಡ್ಡ ಚಿತ್ರ! ಕೈ ನಿಲ್ಲುದಿಲ್ಲ ನೋಡಿ, ಅದನ್ನೂ ಒತ್ತಿಕೊಂಡೆ. 'ಅದಕ್ಕೂನಾ?' ಅಂತ ಮತ್ತೆ ಕೇಳಿದ್ರು. 'ಇದಕ್ಕೂ. ನಮ್ಮ ಊರಲ್ಲಿ ಅಕ್ಷರ ಇದ್ರೆ ಮೆಟ್ಟುದಿಲ್ಲ' ಅಂತ ನನ್ನ ಹರಕು ಡಚ್ಚಲ್ಲಿ ಹೇಳಿದೆ. ಅಷ್ಟೇ ಮಾರಾಯ್ರೆ! ಆ ಮನುಷ್ಯ ನಗ್ಲಿಕ್ಕೆ ಶುರು ಮಾಡಿದವರು ಗೋಡೆ ಹಿಡ್ಕೊಂಡ್ರು. ನಂಗೂ ನಗು ಬಂತು. ಮೊಣಕಾಲು ಉರೀತಿತ್ತು, ನಗ್ತಾನೇ ಇದ್ದೆ."

ವೀಬೆ ಬ್ಯಾಂಡೇಜ್ ತಂದುಕೊಟ್ಟರು. ಅದೇ ಬೆಳಿಗ್ಗೆ ಏಜೆನ್ಸಿಗೆ ಫೋನ್ ಮಾಡಿ ದೂರು ವಾಪಸ್ ತಗೊಂಡರು. ಫ್ರೆಯೆ ಮ್ವಾರ್ನ್‌ನ ವರದಿಗಾರನೊಬ್ಬ ಸಂದರ್ಶನಕ್ಕೆ ಬಂದಾಗ ವಸಂತಿ ಅವನಿಗೂ ಇದನ್ನೇ ಹೇಳಿದರು: ನಿಮ್ಮ ಪೇಪರಿಗೂ ಒತ್ತಿಕೊಳ್ಳುತ್ತೇನೆ, ಟಾಯ್ಲೆಟ್ ಪೇಪರಿನ ಜಾಹೀರಾತಿಗೂ ಒತ್ತಿಕೊಳ್ಳುತ್ತೇನೆ. ಪಾಪ, ಅವನ ಮುಖ ಬಾಡಿತಂತೆ. ಆದರೂ ಪ್ರಾಮಾಣಿಕ ಹುಡುಗ, ಹೇಳಿದ ಹಾಗೇ ಬರೆದ. ಮುಖಪುಟದಲ್ಲಲ್ಲ, ಒಳಪುಟದ ಮೂಲೆಯಲ್ಲಿ, ಸಣ್ಣ ಅಕ್ಷರದಲ್ಲಿ.

ಸಣ್ಣ ಅಕ್ಷರವನ್ನೂ ಊರು ಓದಿತು ಎಂದು ಕಾಣುತ್ತದೆ. ಪುಕ್ಕಟೆ ವಾರ ಮುಗಿಯುವ ಮೊದಲೇ ಬೀದಿಯಲ್ಲಿ ಪೇಪರ್ ಬೀಳುವುದು ನಿಂತಿತು. ಬೇಡದವರು ಬೇಡವೆಂದೇ ಇದ್ದರು, ಅಭಿಪ್ರಾಯ ಯಾರದೂ ಬದಲಾಗಲಿಲ್ಲ. ಆದರೆ ಎಸೆಯುವ ಬದಲು ಮಡಚಿ ಗೇಟಿಗೆ ಸಿಕ್ಕಿಸಿಟ್ಟರು, ವಸಂತಿ ಬಂದು ತೆಗೆದುಕೊಂಡು ಹೋಗಲಿ ಎಂದು. ಪತ್ರಿಕೆ ಈಗಲೂ ಬರುತ್ತಿದೆ, ತೆಳ್ಳಗಾಗಿದೆ. ಈ ದಾರಿಯಲ್ಲಿ ದುಡ್ಡು ಕೊಟ್ಟು ತರಿಸುವ ಮನೆಗಳು ಕೆಲವೇ ಕೆಲವು.

ಅರ್ಜಿ? ಜುಲೈನಲ್ಲಿ ಮಂಜೂರಾಯಿತು. ಫೋಟೊ ಬಗ್ಗೆ ಯಾರೂ ಒಂದು ಮಾತು ಕೇಳಲಿಲ್ಲ. ಕೇಳಲೇ ಇಲ್ಲ ಎನ್ನುವುದನ್ನು ಮಹಾಬಲೇಶ್ವರ ನನಗೆ ಮೂರು ಸಲ ಹೇಳಿದರು. ಆ ದಿನ ಮಧ್ಯಾಹ್ನ ಮಲಗಿದವರು ರಾತ್ರಿ ಊಟಕ್ಕೆ ಎಬ್ಬಿಸಿದರೂ ಏಳಲಿಲ್ಲವಂತೆ. "ಐದು ತಿಂಗಳ ನಿದ್ದೆ ಬಾಕಿ ಇತ್ತು ಇವರಿಗೆ" ಎಂದು ವಸಂತಿ ಛೇಡಿಸುತ್ತಾರೆ.

ಈಗ ಆಕಾಶ ಬಿಳಿಚುತ್ತಿದೆ. ಕೊನೆಯ ಬೀದಿಯಲ್ಲಿದ್ದೇವೆ. ನಾನೂ ಸ್ವಲ್ಪ ಸಹಾಯ ಮಾಡೋಣ ಎಂದು ಚೀಲದಿಂದ ಪೇಪರ್ ಎಳೆದುಕೊಡುತ್ತಿದ್ದೇನೆ. ಮರಗಟ್ಟಿದ ಬೆರಳಿಂದ ಒಂದು ಜಾರಿ, ವೀಬೆಯವರ ಗೇಟಿನೆದುರು ಒದ್ದೆ ಕಲ್ಲಿನ ಮೇಲೆ ಬಿತ್ತು. ಬಿದ್ದದ್ದು ಫ್ರೆಯೆ ಮ್ವಾರ್ನ್, ಪಕ್ಕದ ಮನೆಯದು. ನಾವು ಬಗ್ಗುವ ಮೊದಲೇ, ತಮ್ಮ ಪೇಪರಿಗೆ ಕಾದು ಬಾಗಿಲಲ್ಲಿ ನಿಂತಿದ್ದ ವೀಬೆ ಎರಡು ಹೆಜ್ಜೆ ಇಟ್ಟು ಎತ್ತಿಕೊಂಡರು. ತೋಳಿಗೆ ಒರೆಸಿದರು. ಅತ್ತ ಇತ್ತ ನೋಡಿ, ತಮ್ಮ ಟೊಪ್ಪಿಯ ಅಂಚಿಗೆ ಅದನ್ನೊಮ್ಮೆ ಒರಟಾಗಿ ತಾಗಿಸಿ, ವಸಂತಿಯ ಕೈಗೆ ಕೊಟ್ಟು ಒಳಗೆ ಹೊರಟರು.

ನನ್ನ ಕೈ ಜೇಬಿನ ಮೊಬೈಲಿಗೆ ಹೋಗಿತ್ತು. ವಸಂತಿ ತಟ್ಟನೆ ಅದನ್ನು ಹಿಡಿದುಕೊಂಡರು.

"ಬೇಡ ಬೇಡ ಮಾರಾಯ್ರೆ, ಫೋಟೊ ತೆಗೀಬೇಡಿ. ಪಾಪ, ಅವರನ್ನೂ ಆ ಪಾರ್ಟಿಯವರು ಅಂತ ತಿಳ್ಕೊಂಡಾರು!"