ಬಕೆಟ್ ನೀರಿಗೆ ಒಂದು ಚಮಚ ಬಫರ್

ನಮ್ಮ ಕಾಲೇಜಿನ ರಸಾಯನಶಾಸ್ತ್ರದ ಮೇಡಂಗೆ ಹುಡುಗರು ಇಟ್ಟ ಹೆಸರು ಸೂತ್ರಮ್ಮ. ಸೂತ್ರ ಬಾಯಿಗೆ ಬಂದರೆ ಸಾಕು, ಮಿಕ್ಕದ್ದು ಪರೀಕ್ಷೆಗೆ ಬರಲ್ಲ ಎನ್ನುವವರು. ಪಕ್ಕದ ಕೋಣೆಯಲ್ಲಿ ಭೌತಶಾಸ್ತ್ರ ಹೇಳುವ ನನಗೂ ಅವರ ಪಾಠ ಬಾಯಿಪಾಠವಾಗಿತ್ತು. ಬಫರ್ ಎಂದರೆ ಆಮ್ಲ ಮತ್ತು ಅದರ ಲವಣ ಬೆರೆಸಿದ ದ್ರಾವಣ; ಹುಳಿಯ ಅಳತೆಯಾದ ಪಿಎಚ್ ಅನ್ನು ಅದು ಸುಲಭಕ್ಕೆ ಬದಲಾಗಲು ಬಿಡುವುದಿಲ್ಲ. "ಬಫರ್‌ಗೆ ಎಷ್ಟು ಬೇಕಾದ್ರೂ ನೀರು ಹಾಕಿ. ಆಮ್ಲ, ಲವಣ ಎರಡೂ ಒಂದೇ ಸಮ ತೆಳ್ಳಗಾಗ್ತವೆ. ಅನುಪಾತ ಬದಲಾಗಲ್ಲ, ಪಿಎಚ್ ಅಲ್ಲಾಡಲ್ಲ!" ಹಾಗೆಂದು ಒಂದು ಲೋಟಕ್ಕೆ ಹತ್ತು ಲೋಟ ನೀರು ಬೆರೆಸಿ ತೋರಿಸುತ್ತಿದ್ದರು. ಮೀಟರಿನ ಅಂಕಿ ಅಷ್ಟಾಗಿ ಕದಲುತ್ತಿರಲಿಲ್ಲ.

ಹೊಸ ಪ್ರಾಂಶುಪಾಲರು ಬಂದು ಹಿಂದಿನ ಬೆಂಚಲ್ಲಿ ಕೂತ ದಿನ ಮೇಡಂಗೆ ಹುಮ್ಮಸ್ಸು ಹೆಚ್ಚಾಯಿತು. ಲೋಟ ಬಿಟ್ಟು ಬಕೆಟ್ ತರಿಸಿದರು. ಲ್ಯಾಬಿನ ಆಯಾ, ನಾವೆಲ್ಲ ನೀರಕ್ಕ ಎನ್ನುವವಳು, ತಾನೇ ಬಟ್ಟಿ ಇಳಿಸಿದ ನೀರು ತುಂಬಿಕೊಟ್ಟಳು. ಮೇಡಂ ಅದಕ್ಕೆ ಒಂದೇ ಚಮಚ ಬಫರ್ ಹಾಕಿ ಮೀಟರ್ ಅದ್ದಿದರು. ಅಂಕಿ ಏರುತ್ತ ಹೋಯಿತು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಮೇಡಂ ನೀರಕ್ಕನತ್ತ ತಿರುಗಿದರು. "ನಲ್ಲಿ ನೀರು ತುಂಬಿಸಿದ್ಯಲ್ವಾ? ಒಂದು ಕೆಲಸ ನೆಟ್ಟಗೆ ಬರಲ್ಲ ನಿನಗೆ!"

"ಇಲ್ಲ ಮೇಡಂ, ಬಟ್ಟಿ ನೀರೇ."

ಹುಡುಗರು ನಕ್ಕರು. "ಇವಳನ್ನ ನಾಳೆಯಿಂದ ಕಸ ಗುಡಿಸೋಕೆ ಹಾಕಿ," ಎಂದರು ಪ್ರಾಂಶುಪಾಲರು. ಮೇಡಂ ಹೂಂ ಎಂದು ತಲೆಯಾಡಿಸಿದರು.

ಮಧ್ಯಾಹ್ನ ಮೇಡಂ ತಾವೇ ನೀರು ಬಟ್ಟಿ ಇಳಿಸಿ, ತಾವೇ ಬಕೆಟ್ ತೊಳೆದು, ಮತ್ತೆ ಮಾಡಿ ನೋಡಿದರು. ಅಂಕಿ ಮತ್ತೆ ಏರಿತು. ಆಗ ಪುಸ್ತಕ ತೆಗೆದರು. ಸೂತ್ರಕ್ಕೂ ಮೊದಲಿನ ಸಾಲಲ್ಲೇ ಇತ್ತು: ಆಮ್ಲವೂ ಲವಣವೂ ಹಾಕಿದಷ್ಟೇ ಉಳಿದಿವೆ ಎಂದು ಭಾವಿಸೋಣ. ದ್ರಾವಣ ತೀರಾ ತೆಳ್ಳಗಾದರೆ ಆ ಮಾತು ನಿಲ್ಲುವುದಿಲ್ಲ. ಆಮ್ಲದ ದೊಡ್ಡ ಪಾಲೇ ಒಡೆದುಹೋಗುತ್ತದೆ, ಅನುಪಾತವೇ ಬದಲಾಗುತ್ತದೆ. ಪರೀಕ್ಷೆಗೆ ಬರಲ್ಲವೆಂದು ಆ ಸಾಲನ್ನು ಅವರು ಹಾರಿಸುತ್ತಲೇ ಬಂದಿದ್ದರು.

ಭೂಮಿ ಬಾಯಿ ಬಿಡಬಾರದೇ ಎನಿಸಿತಂತೆ. ಸೂತ್ರ ಕೈಕೊಟ್ಟಿದ್ದಕ್ಕಲ್ಲ, "ಇಲ್ಲ ಮೇಡಂ" ಎಂದವಳ ಮುಖ ನೆನೆದು. ಊಟದ ಡಬ್ಬಿಯನ್ನು ತೆರೆಯಲೇ ಇಲ್ಲ.

ಮರುದಿನ ಪೊರಕೆ ಹಿಡಿದಿದ್ದ ನೀರಕ್ಕನನ್ನು ಕೈ ಹಿಡಿದು ತರಗತಿಗೆ ಕರೆತಂದರು. ಪ್ರಾಂಶುಪಾಲರನ್ನೂ ಕರೆಸಿದರು. "ನೀರು ಸರಿಯಾಗೇ ಇತ್ತು. ನನ್ನ ಪಾಠವೇ ತಪ್ಪು. ತಪ್ಪಾಯ್ತು ಅಕ್ಕಾ," ಎಂದರು. ಈ ಸಲ ಯಾರೂ ನಗಲಿಲ್ಲ.

ನೀರಕ್ಕ ಲ್ಯಾಬಿಗೆ ಮರಳಿದಳು. ಆದರೆ ಅಂದಿನಿಂದ ನೀರು ತುಂಬುವಾಗಲೆಲ್ಲ ಕೂಗುತ್ತಾಳೆ: "ಬನ್ನಿ ಮೇಡಂ, ನೋಡ್ಕೊಳ್ಳಿ."

"ಬೇಡಕ್ಕಾ, ನಂಬ್ತೀನಿ."

"ಒಂದ್ಸಲ ನೋಡ್ಕೊಂಡ್ಬಿಡಿ," ಎಂದು ಮುಚ್ಚಳ ತೆರೆದೇ ನಿಲ್ಲುತ್ತಾಳೆ. ಮೇಡಂ ತಲೆ ತಗ್ಗಿಸಿ ಹೋಗಿ, ನೋಡಿ ಬರುತ್ತಾರೆ.