ಯಂತ್ರದ ಕಿವಿಗೆ ಚೆಂಡು ಹೂವು

ಸಿಂದಗಿಯ ಡಿಪ್ಲೊಮಾ ಕಾಲೇಜಿನಲ್ಲಿ ಶ್ರೀಶೈಲಪ್ಪ ಮಾಸ್ತರರು ಸೀನಿದರೆ ಇಂಡಿ ತಾಲೂಕಿನ ತೋಟಗಳಲ್ಲಿ ನಿಂಬೆಗಿಡದ ಹೂವು ಉದುರುತ್ತಿತ್ತು. ಅಷ್ಟು ಜೋರು ಮನುಷ್ಯ. ಆದರೆ ಎಲೆಕ್ಟ್ರಾನಿಕ್ಸ್ ಲ್ಯಾಬಿನ ಮೂಲೆಯ ಮೇಜಿನ ಹತ್ತಿರ ಮಾತ್ರ ಬಾಣಂತಿ ಕೋಣೆಗೆ ಹೋದವರ ಹಾಗೆ ತುದಿಗಾಲಲ್ಲಿ ನಡೆಯುವರು. ಅಲ್ಲಿ ಸ್ಪೆಕ್ಟ್ರಮ್ ಅನಲೈಸರ್ ಇತ್ತು. ಒಂದರೊಳಗೊಂದು ಕಲಸಿಹೋದ ಸಿಗ್ನಲ್‌ಗಳನ್ನು ಬಿಡಿಸಿ, ಯಾವುದು ಎಷ್ಟು ಜೋರಾಗಿದೆ ಎಂದು ಪರದೆಯ ಮೇಲೆ ಗೋಪುರಗಳ ಹಾಗೆ ನಿಲ್ಲಿಸಿ ತೋರಿಸುವ ಯಂತ್ರ.

ಅದನ್ನು ನಡೆಸುವುದನ್ನು ಕಲಿಯಲು ಮಾಸ್ತರರು ಹುಬ್ಬಳ್ಳಿಗೆ ಒಂದು ವಾರ ಹೋಗಿಬಂದಿದ್ದರು. ಹೇಳುತ್ತ ಹೇಳುತ್ತ ಆ ವಾರ ಬೆಳೆದು ಮೂರು ತಿಂಗಳಾಗಿತ್ತು. ಯಂತ್ರಕ್ಕೆ ಕೆಂಪು ಮಖಮಲ್ಲಿನ ಹೊದಿಕೆ ಹೊಲಿಸಿದರು. "ಮಗಳ ಮದವ್ಯಾಗ ಸುದ್ದಾ ಇಂಥಾ ಅರಬಿ ತರಲಿಲ್ಲ ನೀವು" ಎಂದು ಹೆಂಡತಿ ಗುರವ್ವ ಹಂಗಿಸಿದಳು. ಹುಡುಗರಿಗೆ ಅದರ ಮುಖ ಕಾಣುತ್ತಿದ್ದುದು ಮಹಾನವಮಿಯ ಖಂಡೆಪೂಜೆಗೆ ಮಾತ್ರ. ವಿಭೂತಿ ಹಚ್ಚಿ, ಕಾಯಿ ಒಡೆದು, ಸಿಗ್ನಲ್ ಒಳಹೋಗುವ ದುಂಡನೆಯ ತೂತು ಕಿವಿಯ ಹಾಗೆಯೇ ಇದ್ದುದರಿಂದ ಅದಕ್ಕೊಂದು ಚೆಂಡು ಹೂವು ಸಿಕ್ಕಿಸುವರು.

ಹೊಸದಾಗಿ ಬಂದ ಉಪನ್ಯಾಸಕಿ ಭಾಗ್ಯಜ್ಯೋತಿ ಕೇಳದ ದಿನವಿಲ್ಲ.

"ಸರ್, ಹುಡುಗ್ರು ಪರೀಕ್ಷಾದಾಗ ಇದರ ಚಿತ್ರಾ ಬರದು ಮಾರ್ಕ್ಸ್ ತಗೋತಾರ. ಒಮ್ಮೆರೆ ಕೈಯಾರ ನಡಸಲಿ, ಬಿಡ್ರಿ."

"ನಾ ಸತ್ತ ಮ್ಯಾಲ ಮುಟ್ರಿ ಮೇಡಂ."

"ಅಷ್ಟೊತ್ತಿಗೆ ಅದೂ ಸತ್ತಿರ್ತದ್ರಿ."

ಹೀಗಿರುವಾಗ ಕಾಲೇಜಿನ ತಪಾಸಣೆಗೆ ಸಮಿತಿ ಬರುವುದು ಗೊತ್ತಾಯಿತು. ಸಂಸ್ಥೆಯ ಅಧ್ಯಕ್ಷ ಗುರಣ್ಣಗೌಡರು ಬಸವನ ಬಾಗೇವಾಡಿಯಿಂದ ಜೀಪಿನಲ್ಲಿ ಬಂದರು. ಮುದ್ದೇಬಿಹಾಳದಲ್ಲೂ ಅವರದೇ ಒಂದು ಕಾಲೇಜಿತ್ತು.

"ಮಾಸ್ತರ, ಬಂದವ್ರ ಮುಂದ ಇದು ಬರೊಬ್ಬರಿ ನಡದ್ರ ಇಲ್ಲೇ ಇರ್ತದ. ಇಲ್ಲಂದ್ರ ಮುದ್ದೇಬಿಹಾಳಕ್ಕ ಹೊಕ್ಕದ. ಅಲ್ಲಿಯವ್ರು ನನ್ನ ತಲಿ ತಿನ್ನಾಕತ್ತಾರ."

ಮಾಸ್ತರರ ಎದೆಯಲ್ಲಿ ಆಗ ಎದ್ದ ಡವಡವ ಆಲಮಟ್ಟಿಯ ಅಣೆಕಟ್ಟಿನ ಗೇಟಿಗೂ ಕೇಳಿಸಿರಬೇಕು.

ತಪಾಸಣೆಯ ದಿನ ಹೊದಿಕೆ ತೆಗೆದು, ಯಂತ್ರ ಕಾಯಲಿ ಎಂದು ಅರ್ಧ ತಾಸು ಚಾಲೂ ಇಟ್ಟರು. ಮೊದಲು ಕ್ಯಾಲಿಬ್ರೇಷನ್ ಆಗಬೇಕು. ಯಂತ್ರವೇ ಹೊರಬಿಡುವ ಒಂದು ಗೊತ್ತಾದ ಸಿಗ್ನಲ್ಲನ್ನು ಮೋಟು ಕೇಬಲ್ಲಿನಿಂದ ಅದರದೇ ಕಿವಿಗೆ ಕೊಟ್ಟರೆ, ಗೋಪುರದ ತುದಿ ಮೈನಸ್ ಇಪ್ಪತ್ತರ ಗೆರೆ ಮುಟ್ಟಬೇಕು. ಮುಟ್ಟಲಿಲ್ಲ. ಜ್ವರ ಬಂದವರ ಹಾಗೆ ನಡುಗುತ್ತ ಕೆಳಗೇ ನಿಂತಿತು.

ಭಾಗ್ಯಜ್ಯೋತಿ ಕೇಬಲ್ ಬಿಚ್ಚಿಸಿ ಮೊಬೈಲಿನ ಬೆಳಕು ಹಿಡಿದು ನೋಡಿದಳು.

"ಸರ್, ಒಳಗ ಹೂವಿನ ತೊಟ್ಟು ಮುರಕೊಂಡು ಕುಂತೈತ್ರಿ. ಕಡ್ಡೀಗೆ ಸ್ಪಿರಿಟ್ ಹಚ್ಚಿ ಮೆಲ್ಲಕ ತಗೀತೇನಿ. ಹತ್ತು ನಿಮಿಷದ ಕೆಲಸ."

"ಕೈ ಹಚ್ಚಬ್ಯಾಡ್ರಿ!"

ಇನ್ನೊಬ್ಬರ ಬೆರಳು ಅದರ ಮೇಲೆ ಬೀಳುವುದನ್ನು ಅವರಿಂದ ನೋಡಲಾಗಲಿಲ್ಲ. ಜನಿವಾರದವರಿಗೆ ಜನಿವಾರ, ಲಿಂಗವಂತರಿಗೆ ಲಿಂಗ, ಮಾಸ್ತರರ ಅಂಗಿಗೆ ಸದಾ ಒಂದು ಪಿನ್ನು. ಅದನ್ನೇ ಕಿತ್ತು ಕಿವಿಯೊಳಗೆ ತಿವಿದರು. ತೊಟ್ಟು ಬಂತು. ಅದರ ಜೊತೆಗೆ, ಕಟ್ಟೆಂದು, ನಡುವಿನ ಸಣ್ಣ ಲೋಹದ ನಾಲಗೆಯೂ ಬಂತು.

ಸಮಿತಿಯವರು ಗೌಡರ ಜೊತೆ ಒಳಗೆ ಬಂದಾಗ ಪರದೆಯ ಮೇಲೆ ಗೋಪುರವೇ ಇರಲಿಲ್ಲ, ತಳದಲ್ಲಿ ಹುಲ್ಲಿನ ಹಾಗೆ ಅಲ್ಲಾಡುವ ಗೆರೆಯಷ್ಟೇ. ಬಂದವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಮುಂದಿನ ಕೋಣೆಗೆ ನಡೆದರು. ಗೌಡರು ಹಿಂದೆ ಉಳಿದರು.

"ಯಾರು ಮುಟ್ಟಿದ್ರು ಇದನ್ನ?"

ಪಿನ್ನು ಇನ್ನೂ ಮುಷ್ಟಿಯಲ್ಲೇ ಇತ್ತು. ಮಾಸ್ತರರ ಬಾಯಿಂದ ಅದೆಲ್ಲಿಂದಲೋ ಬಂತು:

"ಮೇಡಂ ಮುಟ್ಟಿದ್ರು. ಬ್ಯಾಡ ಅಂದ್ರೂ ಕೇಳಲಿಲ್ಲರಿ."

ಭಾಗ್ಯಜ್ಯೋತಿ ಅವರ ಮುಷ್ಟಿಯನ್ನೊಮ್ಮೆ ನೋಡಿದಳು. ಮೋಟು ಕೇಬಲ್ಲನ್ನು ಸುತ್ತಿ ಮೇಜಿನ ಮೇಲಿಟ್ಟಳು.

ಗೌಡರು ಯಂತ್ರವನ್ನೂ ಅವಳನ್ನೂ ಒಟ್ಟಿಗೇ ಮುದ್ದೇಬಿಹಾಳಕ್ಕೆ ಸಾಗಹಾಕಿದರು. ಟೆಂಪೊ ಹೊರಟ ದಿನ ಮಾಸ್ತರರು ಅದರ ಹಿಂದೆ ಗೇಟಿನ ತನಕ ನಡೆದರು. ಮಗಳನ್ನು ಕಳಿಸಿದಾಗಲೂ ಬಾಗಿಲು ದಾಟದ ಮನುಷ್ಯ. ಮುದ್ದೇಬಿಹಾಳದಲ್ಲಿ ಭಾಗ್ಯಜ್ಯೋತಿ ಯಂತ್ರದ ಕಿವಿಗೆ ಹೊಸ ಕನೆಕ್ಟರ್ ತರಿಸಿ ಹಾಕಿಸಿದಳು, ಕ್ಯಾಲಿಬ್ರೇಷನ್ ಮಾಡಿದಳು. ಹುಡುಗರು ಅದರ ಗುಂಡಿಗಳನ್ನು ಒತ್ತೊತ್ತಿ ಅಕ್ಷರ ಅಳಿಸಿದರಂತೆ. ಯಂತ್ರಕ್ಕೆ ಏನೂ ಆಗಲಿಲ್ಲವಂತೆ. ಇದನ್ನು ಕೇಳಿದ ದಿನ ಮಾಸ್ತರರು ಊಟ ಬಿಟ್ಟರು.

ಮಳೆಗಾಲ ಮುಗಿಯುವ ಹೊತ್ತಿಗೆ ಸಂಸ್ಥೆಯ ಲ್ಯಾಬಿನವರಿಗೆಲ್ಲ ಮುದ್ದೇಬಿಹಾಳದಲ್ಲಿ ತರಬೇತಿ ಎಂದು ಆಜ್ಞೆಯಾಯಿತು. ಕಲಿಸುವವಳು ಭಾಗ್ಯಜ್ಯೋತಿ. ತಾಳಿಕೋಟೆಯ ಮೇಲಿಂದ ಬಸ್ಸು ಬದಲಿಸಿ ಹೋದ ಮಾಸ್ತರರು ಕೊನೆಯ ಬೆಂಚಿನಲ್ಲಿ ಕೂತರು. ಅವಳು ಸೀದಾ ಅವರ ಹತ್ತಿರ ಬಂದು ಮೋಟು ಕೇಬಲ್ ಮುಂದೆ ಹಿಡಿದಳು.

"ಬರ್ರಿ ಸರ್, ಮೊದಲ ನೀವ ಹಚ್ರಿ."

ದನಿಯಲ್ಲಿ ಕುಹಕವಿರಲಿಲ್ಲ. ಇದ್ದಿದ್ದರೆ ಬಾಯಿ ಮಾಡಿಯಾದರೂ ಬದುಕಬಹುದಿತ್ತು. ಎಲ್ಲರೂ ಹೊರಳಿ ನೋಡುತ್ತಿದ್ದರು. ಮಾಸ್ತರರು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡರು.

"ನನಗ ಬರ್ತದವಾ," ಎಂದರು.

ಅವಳು ಕೇಬಲ್ಲನ್ನು ಪಕ್ಕದವನಿಗೆ ಕೊಟ್ಟಳು.